ಕ್ರೀಮ್ ಬಣ್ಣವೋ, ತಿಳಿ ಬೂದುವೋ? ಥಾಣೆ, ಡೊಂಬಿವಲಿ ಫ್ಲ್ಯಾಟ್‌ಗಳ ಗೋಡೆಗೆ ಬಣ್ಣ ಆರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗಣೇಶ ಚತುರ್ಥಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಶುರುವಾಗುತ್ತದೆ. ಈ ಸಲವಾದರೂ ಹಾಲ್‌ಗೆ ಬಣ್ಣ ಬಳಿಸಬೇಕು. ಗಾಢ ಬಣ್ಣ ಬೇಡ, ಕೋಣೆ ಇನ್ನೂ ಚಿಕ್ಕದಾಗಿ ಕಾಣುತ್ತದೆ ಎಂಬಲ್ಲಿಯವರೆಗೆ ಎಲ್ಲರದ್ದೂ ಒಮ್ಮತ. ಅದರಾಚೆಗೆ ಮನೆಯಲ್ಲಿ ಎರಡು ಪಕ್ಷ. ಹಿರಿಯರಿಗೆ ಕ್ರೀಮ್ ಬೇಕು. ಮಕ್ಕಳಿಗೆ ಮೊಬೈಲ್‌ನಲ್ಲಿ ನೋಡಿದ ತಿಳಿ ಬೂದು, ಅಂದರೆ ಲೈಟ್ ಗ್ರೇ ಬೇಕು.

ಎರಡೂ ತಿಳಿ ಬಣ್ಣಗಳೇ ತಾನೇ, ಯಾವುದಾದರೇನು ಎಂದುಕೊಂಡು ಅಂಗಡಿಯಲ್ಲಿ ಶೇಡ್ ಕಾರ್ಡ್ ಮೇಲೆ ಬೆರಳಿಟ್ಟು ಹಣ ಕೊಟ್ಟು ಬರುವವರೇ ಹೆಚ್ಚು. ನಾಲ್ಕೈದು ದಿನ ಕಪಾಟು, ಮಂಚ, ಫ್ರಿಡ್ಜ್ ಎಲ್ಲವನ್ನೂ ಎಳೆದಾಡಿ, ಧೂಳು ಕುಡಿದು, ಕೆಲಸ ಮುಗಿದ ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ನಾವು ಆರಿಸಿದ ಬಣ್ಣವೇ? ಬಣ್ಣ ಅದೇ. ಅಂಗಡಿಯಲ್ಲಿದ್ದ ಬೆಳಕು ಮನೆಯಲ್ಲಿಲ್ಲ, ಅಷ್ಟೇ. ಒಮ್ಮೆ ಬಳಿಸಿದ ಮೇಲೆ ಐದಾರು ವರ್ಷ ಅದೇ ಗೋಡೆಯನ್ನು ನೋಡುತ್ತಾ ಇರಬೇಕಾದ ಮಧ್ಯಮ ವರ್ಗದ ಮನೆಗೆ ಇದು ಸಣ್ಣ ತಪ್ಪೇನಲ್ಲ.

ಮೊದಲೇ ಹೇಳಿಬಿಡುವುದಾದರೆ, ಎದುರು ಕಟ್ಟಡ ಹತ್ತಿರವಿರುವ, ಕೆಳ ಮಹಡಿಯ, ಹಗಲಲ್ಲೂ ದೀಪ ಬೇಕಾಗುವ ಕೋಣೆಗೆ ಕ್ರೀಮ್ ಸುರಕ್ಷಿತ. ಎತ್ತರದ ಮಹಡಿಯ, ದೊಡ್ಡ ಕಿಟಕಿಯ, ಪಶ್ಚಿಮದ ಬಿಸಿಲು ನೇರ ಬೀಳುವ ಕೋಣೆಗೆ ತಿಳಿ ಬೂದು ಒಪ್ಪುತ್ತದೆ. ಈ ಎರಡರ ನಡುವೆ ಬರುವ ಮನೆಗಳೇ ಹೆಚ್ಚು. ಅವರಿಗೆ ಮುಂದಿನ ವಿವರಗಳು ಬೇಕಾಗುತ್ತವೆ.

ಗೋಡೆ ಎಷ್ಟು ಬೆಳಕನ್ನು ಮರಳಿಸುತ್ತದೆ?

ಪೇಂಟ್ ಕಂಪನಿಗಳು ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಎಂಬ ಒಂದು ಸಂಖ್ಯೆ ಕೊಡುತ್ತವೆ. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟು ಪಾಲು ಮರಳಿ ಕೋಣೆಗೆ ಬರುತ್ತದೆ ಎಂಬುದರ ಅಳತೆ ಇದು. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳುಪಿಗೆ 100. ಕ್ರೀಮ್ ಮತ್ತು ಐವರಿ ಬಣ್ಣಗಳು ಸಾಮಾನ್ಯವಾಗಿ 75ರಿಂದ 85ರ ಆಸುಪಾಸಿನಲ್ಲಿರುತ್ತವೆ. ತಿಳಿ ಬೂದು ಎಂದು ಮಾರುವ ಬಣ್ಣಗಳಲ್ಲಿ ಹೆಚ್ಚಿನವು 55ರಿಂದ 70ರೊಳಗೆ.

ಕಾರ್ಡ್ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಕೋಣೆಯಲ್ಲಿ ಬೀಳುತ್ತದೆ. ಕಿಟಕಿಯಿಂದ ಬಂದ ಬೆಳಕು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿಯೇ ಒಳಗಿನ ಮೂಲೆಯನ್ನು ತಲುಪಬೇಕು. ಗೋಡೆಯ ಎಲ್‌ಆರ್‌ವಿ 80 ಇದ್ದರೆ ಮೂರು ಸಲ ಬಡಿದ ಮೇಲೂ ಶೇ. 51ರಷ್ಟು ಬೆಳಕು ಉಳಿಯುತ್ತದೆ. 60 ಇದ್ದರೆ ಮೂರನೇ ಸಲಕ್ಕೆ ಉಳಿಯುವುದು ಶೇ. 22 ಮಾತ್ರ. ಕಿಟಕಿಯ ಪಕ್ಕದ ಸೋಫಾದಲ್ಲಿ ಕುಳಿತವರಿಗೆ ಎರಡೂ ಬಣ್ಣ ಒಂದೇ. ಒಳಗಿನ ಮೂಲೆಯ ಮೇಜಿನಲ್ಲಿ ಓದುವ ಹುಡುಗಿಗೆ ಒಂದಲ್ಲ.

ಹೀಗಾಗಿ ಅಂಗಡಿಯಲ್ಲಿ ಬಣ್ಣದ ಹೆಸರಿನ ಜೊತೆಗೆ ಅದರ ಎಲ್‌ಆರ್‌ವಿ ಎಷ್ಟು ಎಂದೂ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಅಥವಾ ಗ್ರಾಹಕ ಸಹಾಯವಾಣಿಯಲ್ಲಿ ಸಿಗಬಹುದು. ಬೂದು ಬಣ್ಣವೇ ಬೇಕು ಎಂದು ಹಟವಿದ್ದರೆ 70ಕ್ಕಿಂತ ಮೇಲಿನ ಬೂದು ಆರಿಸುವುದು ಒಂದು ದಾರಿ. ಕಾರ್ಡ್ ಮೇಲೆ ಅದು ಬಿಳಿಯಂತೆಯೇ ಕಾಣುತ್ತದೆ, ಗೋಡೆಗೆ ಹೋದಾಗ ಬೂದಾಗುತ್ತದೆ.

ಕಿಟಕಿಯಾಚೆ ಏನಿದೆ?

ಉಡುಪಿ, ಮಂಗಳೂರು ಕಡೆಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಅನೇಕರ ಮನಸ್ಸಿನಲ್ಲಿ ಊರಿನ ಮನೆಯ ಗೋಡೆ ಇರುತ್ತದೆ. ಕಾವಿ ನೆಲ, ಸುಣ್ಣದ ಗೋಡೆ, ಅಂಗಳದಿಂದ ನೇರ ಒಳಬರುವ ಬೆಳಕು. ಆ ನೆನಪಿನ ಬಣ್ಣವನ್ನು ಡೊಂಬಿವಲಿ ಪೂರ್ವದ ಎರಡನೇ ಮಹಡಿಯ ಒನ್ ಬಿಎಚ್‌ಕೆಗೆ ತಂದರೆ ಅದು ಅದೇ ಬಣ್ಣವಾಗಿ ಉಳಿಯುವುದಿಲ್ಲ. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಕಿಟಕಿಗೆ ಎದುರಾಗಿ ಹತ್ತು ಹದಿನೈದು ಅಡಿ ದೂರದಲ್ಲೇ ಇನ್ನೊಂದು ಕಟ್ಟಡ. ಕಿಟಕಿಗೆ ಹೊರಚಾಚಿದ ಗ್ರಿಲ್, ಅದರ ಮೇಲೊಂದು ತಗಡು, ಒಳಗೆ ಒಣಗಲು ಹಾಕಿದ ಬಟ್ಟೆ, ನಾಲ್ಕು ಕುಂಡ. ಆಕಾಶದಿಂದ ನೇರ ಬರುವ ಬೆಳಕು ಇಂಥ ಕೋಣೆಗೆ ತೀರಾ ಕಡಿಮೆ. ಒಳಗೆ ಬರುವುದು ಎದುರು ಕಟ್ಟಡದ ಗೋಡೆಯಿಂದ ಚಿಮ್ಮಿದ ಬೆಳಕು, ಅದೂ ಆ ಗೋಡೆಯ ಬಣ್ಣವನ್ನು ಹೊತ್ತುಕೊಂಡು.

ಎದುರಿನ ಸೊಸೈಟಿಯವರು ಕಟ್ಟಡಕ್ಕೆ ಹೊಸದಾಗಿ ಇಟ್ಟಿಗೆ ಕೆಂಪು ಬಳಿಸಿದರೆ ನಿಮ್ಮ ತಿಳಿ ಬೂದು ಗೋಡೆ ಮಧ್ಯಾಹ್ನದ ಹೊತ್ತಿಗೆ ನಸುಗುಲಾಬಿಯಾಗುತ್ತದೆ. ಮಳೆಗಾಲದಲ್ಲಿ ಎದುರಿನ ಬಾಲ್ಕನಿಗೆ ನೀಲಿ ಟಾರ್ಪಾಲಿನ್ ಕಟ್ಟಿದರೆ ನಾಲ್ಕು ತಿಂಗಳು ನೀಲಿ. ಬೂದು ಬಣ್ಣದ ಸ್ವಭಾವವೇ ಹಾಗೆ. ಅದಕ್ಕೆ ಸ್ವಂತದ್ದೆಂಬ ಬಲವಾದ ಬಣ್ಣವಿಲ್ಲದ್ದರಿಂದ ಬಂದ ಬೆಳಕಿನ ಬಣ್ಣವನ್ನೇ ತೋರಿಸುತ್ತದೆ. ಕ್ರೀಮ್‌ನಲ್ಲಿ ಹಳದಿಯ ಅಂಶ ಮೊದಲೇ ಇರುವುದರಿಂದ ಅದು ಇಷ್ಟು ಸುಲಭವಾಗಿ ಬಣ್ಣ ಬದಲಿಸುವುದಿಲ್ಲ.

ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಟವರ್‌ಗಳ ಕಥೆಯೇ ಬೇರೆ. ಹದಿನೈದು, ಇಪ್ಪತ್ತನೇ ಮಹಡಿಯಲ್ಲಿ ಎದುರು ಕಟ್ಟಡದ ಕಾಟ ಕಡಿಮೆ, ಕಿಟಕಿಗಳು ದೊಡ್ಡವು. ಇಲ್ಲಿ ಸಮಸ್ಯೆ ಬೆಳಕಿನ ಕೊರತೆಯದ್ದಲ್ಲ, ಅತಿಯಾಗುವುದರದ್ದು. ಮಧ್ಯಾಹ್ನ ಕ್ರೀಮ್ ಗೋಡೆ ಕಣ್ಣು ಕುಕ್ಕುತ್ತದೆ, ಟಿವಿ ಪರದೆಯ ಮೇಲೆ ಗೋಡೆಯೇ ಕಾಣುತ್ತದೆ. ಬೂದು ಈ ಹೊಳಪನ್ನು ಇಳಿಸುತ್ತದೆ. ಯೇವೂರ್ ಬೆಟ್ಟಕ್ಕೆ ಮುಖ ಮಾಡಿದ ಮನೆಯವರು ಇನ್ನೊಂದು ಸಂಗತಿ ಗಮನಿಸಬೇಕು. ಬೇಸಿಗೆಯಲ್ಲಿ ಕಂದಾಗಿರುವ ಬೆಟ್ಟ ಜುಲೈ ಹೊತ್ತಿಗೆ ಹಚ್ಚ ಹಸಿರಾಗುತ್ತದೆ. ಮರಗಳು ಕಿಟಕಿಗೆ ಹತ್ತಿರವಿದ್ದಷ್ಟೂ ಬೂದು ಗೋಡೆಯಲ್ಲಿ ತೆಳು ಹಸಿರು ಛಾಯೆ ಕಾಣುತ್ತದೆ. ಖಾರ್‌ಘರ್‌ನ ಬೆಟ್ಟದ ಬದಿಯ ಸೆಕ್ಟರ್‌ಗಳಿಗೂ ಇದು ಅನ್ವಯ. ಕೆಲವರಿಗೆ ಇದೇ ಇಷ್ಟವಾಗಬಹುದು, ಅದು ಬೇರೆ ಮಾತು.

ನವಿ ಮುಂಬೈ ಯೋಜನೆ ಹಾಕಿ ಕಟ್ಟಿದ ನಗರ. ಇದಕ್ಕಾಗಿ ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ. ವಾಶಿ, ನೆರೂಲ್‌ನ ಹಳೆಯ ಸಿಡ್ಕೋ ಮನೆಗಳಲ್ಲಿ ಕೋಣೆಗಳು ಚಿಕ್ಕವಾದರೂ ಕಟ್ಟಡಗಳು ತಗ್ಗು, ಡೊಂಬಿವಲಿಯ ಹಳೆ ಓಣಿಗಳಿಗೆ ಹೋಲಿಸಿದರೆ ನಡುವಿನ ಜಾಗವೂ ಹೆಚ್ಚು. ಬೆಳಕಿನ ಮಟ್ಟಿಗೆ ಇವು ಎರಡೂ ಬಣ್ಣಕ್ಕೆ ಒಗ್ಗುತ್ತವೆ. ತೇವದ ಮಾತು ಮುಂದೆ ಬರುತ್ತದೆ.

ದಿಕ್ಕು ನೋಡುವುದು ವಾಸ್ತುವಿಗಷ್ಟೇ ಅಲ್ಲ

ವಾಸ್ತು ನೋಡುವವರು ದಿಕ್ಕಿಗೊಂದು ಬಣ್ಣ ಹೇಳುತ್ತಾರೆ. ಅದನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಬೆಳಕಿನ ಲೆಕ್ಕಕ್ಕೂ ದಿಕ್ಕು ಬೇಕೇ ಬೇಕು.

ಉತ್ತರದ ಕಿಟಕಿಗೆ ವರ್ಷದ ಹೆಚ್ಚಿನ ಭಾಗ ನೇರ ಬಿಸಿಲಿಲ್ಲ. ಥಾಣೆ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದು ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮೋಡವೇ ಇರುತ್ತದೆ. ಹೀಗಾಗಿ ಉತ್ತರದ ಕೋಣೆಗೆ ಬರುವುದು ಆಕಾಶದ ನೀಲಿ ಬೆರೆತ ತಣ್ಣನೆಯ ಬೆಳಕು. ಅದರಲ್ಲಿ ಬೂದು ಗೋಡೆ ಸಿಮೆಂಟಿನಂತೆ, ಬಣ್ಣ ಬಳಿಯುವುದನ್ನೇ ಬಿಟ್ಟಿದ್ದಾರೋ ಎಂಬಂತೆ ಕಾಣುವುದುಂಟು. ಕ್ರೀಮ್ ಆ ತಣ್ಣನೆಯನ್ನು ಸರಿದೂಗಿಸುತ್ತದೆ.

ಪಶ್ಚಿಮದ ಕೋಣೆಯಲ್ಲಿ ಇದು ತಿರುಗುಮುರುಗು. ಏಪ್ರಿಲ್, ಮೇ ತಿಂಗಳ ಸಂಜೆ ನಾಲ್ಕರ ನಂತರದ ಹಳದಿ ಬಿಸಿಲು ಕ್ರೀಮ್ ಗೋಡೆಗೆ ಬಿದ್ದರೆ ಅದು ಬೆಣ್ಣೆಯಿಂದ ಅರಿಶಿನದ ಕಡೆಗೆ ಹೋಗುತ್ತದೆ. ಬೂದು ಆಗ ಹದವಾಗಿರುತ್ತದೆ.

ದಕ್ಷಿಣದ ಕಿಟಕಿಗೆ ಚಳಿಗಾಲದ ಬಿಸಿಲು ಆಳವಾಗಿ ಬರುತ್ತದೆ. ಡಿಸೆಂಬರ್ ಕೊನೆಯ ವಾರದ ಮಧ್ಯಾಹ್ನ ಇಲ್ಲಿ ಸೂರ್ಯನ ಎತ್ತರ ಸುಮಾರು 47 ಡಿಗ್ರಿ ಅಷ್ಟೇ. ಮೇಲೆ ಸಜ್ಜಾ ಇಲ್ಲದ ಕಿಟಕಿಯಾದರೆ ಬಿಸಿಲು ಕೋಣೆಯ ನಡುವಿನವರೆಗೂ ಬಂದು ನೆಲಕ್ಕೆ ಬಡಿದು ಗೋಡೆಗೆ ಏರುತ್ತದೆ. ಇಲ್ಲಿ ಎರಡೂ ನಡೆಯುತ್ತವೆ. ಪೂರ್ವದ ಕೋಣೆ ಬೆಳಗ್ಗೆ ಹತ್ತರವರೆಗೆ ಚೆನ್ನ, ಆಮೇಲೆ ಮಂಕು. ಆ ಕೋಣೆಯನ್ನು ಮಧ್ಯಾಹ್ನ ಬಳಸುವವರಿದ್ದರೆ ಕ್ರೀಮ್.

ಬೂದು ಬಳಿದರೆ ಸೆಕೆ ಹೆಚ್ಚಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಮನೆಯ ಶಾಖಕ್ಕೆ ಕಾರಣ ಹೊರಗೋಡೆ, ಟೆರೇಸ್, ಗಾಜಿನ ಮೂಲಕ ಒಳಬರುವ ಬಿಸಿಲು. ಒಳಗೋಡೆಯ ತಿಳಿ ಬಣ್ಣ ಇದೋ ಅದೋ ಎಂಬುದರಿಂದ ಫ್ಯಾನ್ ವೇಗ ಬದಲಾಯಿಸಬೇಕಾದಷ್ಟು ವ್ಯತ್ಯಾಸವಾಗುವುದಿಲ್ಲ.

ಕೋಣೆಯನ್ನು ನೋಡುವವರು ಯಾರು, ಯಾವ ಹೊತ್ತಿನಲ್ಲಿ?

ಹಗಲು ಬೆಳಕಿನ ಲೆಕ್ಕ ಹಾಕುವಾಗ ಮರೆತುಹೋಗುವ ವಿಷಯ ಇದು. ಡೊಂಬಿವಲಿ, ಕಲ್ಯಾಣ್‌ನಿಂದ ಮುಂಬೈಗೆ ಕೆಲಸಕ್ಕೆ ಹೋಗುವವರು ಬೆಳಗ್ಗೆ ಏಳೂವರೆಯ ಫಾಸ್ಟ್ ಲೋಕಲ್ ಹಿಡಿದರೆ ಮನೆಗೆ ಮರಳುವುದು ರಾತ್ರಿ ಎಂಟಕ್ಕೆ. ಭಾನುವಾರ ಬಿಟ್ಟರೆ ಅವರು ತಮ್ಮ ಹಾಲನ್ನು ಹಗಲಲ್ಲಿ ನೋಡುವುದೇ ಇಲ್ಲ. ಅವರ ಮಟ್ಟಿಗೆ ಗೋಡೆಯ ಬಣ್ಣ ಎಂದರೆ ಟ್ಯೂಬ್‌ಲೈಟ್‌ನಲ್ಲಿ ಕಾಣುವ ಬಣ್ಣ. ಅದೇ ಮನೆಯಲ್ಲಿ ಇಡೀ ಹಗಲು ಇರುವವರು ಅಜ್ಜ, ಅಜ್ಜಿ, ಚಿಕ್ಕ ಮಗು. ಅವರ ಗೋಡೆ ಬೇರೆ. ವಿಚಿತ್ರವೆಂದರೆ ಬಣ್ಣ ಆರಿಸಲು ಅಂಗಡಿಗೆ ಹೋಗುವವರು ಸಾಮಾನ್ಯವಾಗಿ ಮೊದಲನೆಯವರು.

ನಮ್ಮ ಮನೆಗಳ ಎಲ್‌ಇಡಿ ಬ್ಯಾಟನ್‌ಗಳು ಬಹುತೇಕ 6500 ಕೆಲ್ವಿನ್‌ನವು. ಡಬ್ಬದ ಮೇಲೆ ಕೂಲ್ ಡೇಲೈಟ್ ಎಂದಿರುತ್ತದೆ. ಇದು ನೀಲಿ ಹೆಚ್ಚಿರುವ ಬಿಳಿ ಬೆಳಕು. ಇದರ ಕೆಳಗೆ ತಿಳಿ ಬೂದು ಇನ್ನಷ್ಟು ನೀಲಿಯಾಗಿ ಆಸ್ಪತ್ರೆಯ ಕಾರಿಡಾರ್ ನೆನಪಿಸುತ್ತದೆ. ಕೆಲವು ಕ್ರೀಮ್‌ಗಳು ತಮ್ಮ ಬೆಚ್ಚನೆ ಕಳೆದುಕೊಂಡು ಸ್ವಲ್ಪ ಹಸಿರಿನ ಕಡೆ ವಾಲುತ್ತವೆ. 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಬೂದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಕ್ರೀಮ್ ಮತ್ತಷ್ಟು ಹಳದಿಯಾಗುತ್ತದೆ. ಎರಡಕ್ಕೂ ನ್ಯಾಯ ಒದಗಿಸುವುದು 4000 ಕೆಲ್ವಿನ್‌ನ ನಡುವಿನ ಬೆಳಕು. ಗೋಡೆಯನ್ನು ಮತ್ತೆ ಬಳಿಸುವುದಕ್ಕಿಂತ ಎರಡು ಬ್ಯಾಟನ್ ಬದಲಿಸುವುದು ಎಷ್ಟೋ ಅಗ್ಗ. ಈಗಾಗಲೇ ಬೂದು ಬಳಿಸಿ ಪಶ್ಚಾತ್ತಾಪ ಪಡುತ್ತಿರುವವರು ಮೊದಲು ಇದನ್ನು ಮಾಡಿ ನೋಡಬಹುದು.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಮಗನಿಗೆ ಶಾಂತವಾಗಿ ಕಾಣುವ ಬೂದು ಗೋಡೆ ತಂದೆಗೆ ಸುಮ್ಮನೆ ಕತ್ತಲೆ. ಕ್ರೀಮ್ ಬೇಕೆಂದು ಹಿರಿಯರು ಹಟ ಹಿಡಿದರೆ ಅದನ್ನು ಹಳೆಯ ಕಾಲದ ರುಚಿ ಎಂದು ತಳ್ಳಿಹಾಕಬೇಡಿ, ಅವರಿಗೆ ಬೆಳಕು ಬೇಕಿದೆ. ಆದರೆ ಗೋಡೆ, ಬಾಗಿಲ ಚೌಕಟ್ಟು, ಸ್ವಿಚ್‌ಬೋರ್ಡ್ ಎಲ್ಲವೂ ಒಂದೇ ಕ್ರೀಮ್ ಆದರೆ ಅದೂ ತೊಂದರೆಯೇ. ಕಣ್ಣಿನ ಪೊರೆ ಬಂದವರಿಗೆ ಬಾಗಿಲು ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯುವುದು ಬಣ್ಣಗಳ ವ್ಯತ್ಯಾಸದಿಂದ. ಗೋಡೆ ಕ್ರೀಮ್ ಆದರೆ ಚೌಕಟ್ಟು ಕಂದು ಇರಲಿ.

ನೆಲಕ್ಕೆ ಹೊಂದದಿದ್ದರೆ ಗೋಡೆ ಚೆನ್ನಾಗಿರದು

ಬಣ್ಣ ಬದಲಿಸಬಹುದು, ಟೈಲ್ಸ್ ಬದಲಿಸುವವರು ಕಡಿಮೆ. ಬಿಲ್ಡರ್ ಹಾಕಿಕೊಟ್ಟ ವಿಟ್ರಿಫೈಡ್ ಟೈಲ್ಸ್ ಬಹಳಷ್ಟು ಫ್ಲ್ಯಾಟ್‌ಗಳಲ್ಲಿ ಐವರಿ ಬಣ್ಣದವು. ಅದರ ಪಕ್ಕ ನೀಲಿ ಛಾಯೆಯ ಬೂದು ಬಂದರೆ ಗೋಡೆ ಸ್ವಚ್ಛವಾಗಿ, ನೆಲ ಕೊಳೆಯಾಗಿ ಕಾಣುತ್ತದೆ. ಎಷ್ಟು ಒರೆಸಿದರೂ ಹೋಗದ ಕೊಳೆ ಅದು. ಹಳೆಯ ಕಟ್ಟಡಗಳ ಬೂದು ಮೊಸಾಯಿಕ್ ಅಥವಾ ಕೋಟಾ ಕಲ್ಲಿನ ನೆಲವಿದ್ದರೆ ಬೂದು ಗೋಡೆ ಸಹಜವಾಗಿ ಸೇರುತ್ತದೆ. ಕ್ರೀಮ್ ಕೂಡ ಅಲ್ಲಿ ಸೋಲುವುದಿಲ್ಲ.

ಇಲ್ಲಿಯೇ ಇನ್ನೊಂದು ಗೊಂದಲ ಬಗೆಹರಿಯಬೇಕು. ಬೂದು ಎಂದರೆ ಒಂದೇ ಬೂದು ಅಲ್ಲ. ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ನೇರಳೆ, ಕೆಲವರಲ್ಲಿ ಮಣ್ಣಿನ ಛಾಯೆ ಅಡಗಿರುತ್ತದೆ. ಕ್ರೀಮ್‌ನಲ್ಲೂ ಹಳದಿ, ಪೀಚ್, ನಸುಗುಲಾಬಿ ಎಂದು ಮೂರು ಬಗೆ. ಒಂಟಿಯಾಗಿ ನೋಡಿದರೆ ಇವು ತಿಳಿಯುವುದಿಲ್ಲ. ಶೇಡ್ ಕಾರ್ಡನ್ನು ಜೆರಾಕ್ಸ್ ಅಂಗಡಿಯ ಬಿಳಿ ಹಾಳೆಯ ಮೇಲಿಟ್ಟು ನೋಡಿ, ಒಳಗಿನ ಬಣ್ಣ ತಾನಾಗಿ ಹೊರಬರುತ್ತದೆ. ಐವರಿ ನೆಲವಿದ್ದೂ ಬೂದು ಬೇಕೆನ್ನುವವರಿಗೆ ಮಣ್ಣಿನ ಛಾಯೆಯ ಬೂದು ಒಂದು ಒಪ್ಪಂದ. ಮನೆಯ ಎರಡೂ ಪಕ್ಷಗಳು ಇದಕ್ಕೆ ರಾಜಿಯಾಗುವ ಸಾಧ್ಯತೆ ಹೆಚ್ಚು.

ಒಂದು ಕಾಲಕ್ಕೆ ಇಷ್ಟೆಲ್ಲ ಯೋಚಿಸುವ ಅಗತ್ಯವೇ ಇರಲಿಲ್ಲ. ಡಿಸ್ಟೆಂಪರ್‌ನಲ್ಲಿ ಸಿಗುತ್ತಿದ್ದುದೇ ಬೆರಳೆಣಿಕೆಯ ಬಣ್ಣಗಳು. 1942ರಲ್ಲಿ ಮುಂಬೈನಲ್ಲಿ ಆರಂಭವಾದ ಏಷ್ಯನ್ ಪೇಂಟ್ಸ್‌ಗೆ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಬರೆದುಕೊಟ್ಟ, ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ಗಟ್ಟು ಹಲವರಿಗೆ ನೆನಪಿರಬಹುದು. ಅದೇ ಕಂಪನಿಯ ಸಂಶೋಧನಾ ಕೇಂದ್ರ ಈಗ ನವಿ ಮುಂಬೈನ ತುರ್ಭೆಯಲ್ಲಿದೆ. ಅಂಗಡಿಯ ಟಿಂಟಿಂಗ್ ಯಂತ್ರ ಇವತ್ತು ಸಾವಿರಕ್ಕೂ ಹೆಚ್ಚು ಛಾಯೆಗಳನ್ನು ನಿಂತಲ್ಲೇ ಬೆರೆಸಿಕೊಡುತ್ತದೆ. ಆಯ್ಕೆ ಹೆಚ್ಚಿದಂತೆ ತಪ್ಪುವ ಅವಕಾಶವೂ ಹೆಚ್ಚಿದೆ.

ಕೊಳೆ, ಮಸಿ, ಎಣ್ಣೆ ಜಿಡ್ಡು

ಯಾವುದರಲ್ಲಿ ಕೊಳೆ ಕಾಣುವುದಿಲ್ಲ? ಉತ್ತರ ಕೊಳೆಯ ಬಣ್ಣದ ಮೇಲೆ ನಿಂತಿದೆ. ರಸ್ತೆ ಮತ್ತು ಕಟ್ಟಡ ಕಾಮಗಾರಿಯ ಧೂಳು ಕಂದು. ಮೆಟ್ರೋ ಕಾಮಗಾರಿ ನಡೆದ ಘೋಡ್‌ಬಂದರ್ ರಸ್ತೆ, ಸದಾ ವಾಹನಗಳಿಂದ ತುಂಬಿರುವ ಕಲ್ಯಾಣ್-ಶೀಳ್ ರಸ್ತೆಯ ಬದಿಯ ಮನೆಗಳಿಗೆ ಇದರ ಅನುಭವ ಚೆನ್ನಾಗಿದೆ. ಇದನ್ನು ಕ್ರೀಮ್ ಮುಚ್ಚಿಡುತ್ತದೆ. ದೇವರ ದೀಪ, ಊದುಬತ್ತಿಯ ಮಸಿ ಕಪ್ಪು. ಅದು ಬೂದಿನಲ್ಲಿ ಕಡಿಮೆ ಎದ್ದು ಕಾಣುತ್ತದೆ. ಅಡುಗೆಮನೆಯ ಒಗ್ಗರಣೆ ಜಿಡ್ಡು ಹಳದಿ. ಬೂದು ಗೋಡೆಯ ಮೇಲೆ ಅದು ಕೆಸರಿನ ಬಣ್ಣಕ್ಕೆ ತಿರುಗುವುದರಿಂದ ಅಡುಗೆಮನೆಗೆ ಬೂದು ಬೇಡವೇ ಬೇಡ. ಸ್ವಿಚ್ ಸುತ್ತಲಿನ ಕೈ ಗುರುತು ಎರಡರಲ್ಲೂ ಕಾಣುತ್ತದೆ, ಅದಕ್ಕೆ ಬಣ್ಣಕ್ಕಿಂತ ತೊಳೆಯಬಹುದಾದ ಎಮಲ್ಷನ್ ಮುಖ್ಯ. ಡಿಸ್ಟೆಂಪರ್ ಅಗ್ಗವಾದರೂ ಒದ್ದೆ ಬಟ್ಟೆ ತಾಗಿಸಿ ಉಜ್ಜಿದರೆ ಬಣ್ಣವೇ ಕೈಗೆ ಬರಬಹುದು.

ಹಬ್ಬದ ಗಡಿಬಿಡಿ ಮತ್ತು ಒದ್ದೆ ಗೋಡೆ

ಈ ಭಾಗದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಗಣೇಶ ಚತುರ್ಥಿ ಬರುವುದೂ ಅದೇ ಅವಧಿಯಲ್ಲಿ. ಅತಿಥಿಗಳು ಬರುತ್ತಾರೆ, ಮೂರ್ತಿ ಕೂರಿಸುವ ಗೋಡೆ ಹೊಸದಾಗಿರಬೇಕು ಎಂಬ ಆಸೆ ಸಹಜ. ಆದರೆ ಮೂರು ತಿಂಗಳ ಮಳೆ ಕುಡಿದ ಹೊರಗೋಡೆಯ ಒಳಮೈಗೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ, ಬಣ್ಣ ಕ್ರೀಮ್ ಇರಲಿ ಬೂದು ಇರಲಿ, ದೀಪಾವಳಿ ಹೊತ್ತಿಗೆ ಗುಳ್ಳೆ ಏಳುವ, ಬಿಳಿ ಉಪ್ಪು ಹೊರಬರುವ ಸಂಭವ ಹೆಚ್ಚು. ಬಣ್ಣಕ್ಕೆ ಕೊಟ್ಟ ಹಣ ಹೀಗೆ ಒಂದೇ ಮಳೆಗಾಲದಲ್ಲಿ ಉದುರಿಹೋದ ಮನೆಗಳು ಕಡಿಮೆಯೇನಲ್ಲ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಬದಿ ಟೇಪ್ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ ನೀರಿನ ಹನಿ ಕಂಡರೆ ಅಥವಾ ಆ ಭಾಗದ ಗೋಡೆ ಕಪ್ಪಾಗಿದ್ದರೆ ತೇವ ಗೋಡೆಯೊಳಗಿದೆ. ಹನಿ ಹೊರಬದಿಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಮೊದಲನೆಯದಾದರೆ ಬಣ್ಣ ಮುಂದಕ್ಕೆ ಹಾಕಿ, ಮೊದಲು ಸೋರಿಕೆ ಎಲ್ಲಿಂದ ಎಂದು ನೋಡಿ. ಹೊರಗೋಡೆಯ ಬಿರುಕೋ, ಮೇಲಿನ ಮನೆಯ ಬಾತ್‌ರೂಮೋ, ಟೆರೇಸೋ ಎಂಬುದನ್ನು ಸೊಸೈಟಿಯವರೊಂದಿಗೆ ಮಾತನಾಡಿ ಬಗೆಹರಿಸಿಕೊಳ್ಳದೆ ಒಳಗಿನಿಂದ ಎಷ್ಟು ಕೋಟ್ ಹೊಡೆದರೂ ವ್ಯರ್ಥ. ಹಬ್ಬಕ್ಕೆ ಬೇಕೇ ಬೇಕೆಂದರೆ ಮನೆಯ ನಡುವಿನ ಗೋಡೆಗಳಿಗೆ ಮಾತ್ರ ಬಳಿಸಿ, ಹೊರಗೋಡೆಯ ಒಳಮೈಯನ್ನು ಅಕ್ಟೋಬರ್ ಬಿಸಿಲು ಕಂಡ ಮೇಲೆ ಮುಗಿಸಿ. ಒಂದೇ ಶೇಡ್ ಕೋಡ್ ಇದ್ದರೆ ಎರಡು ಕಂತಿನಲ್ಲಿ ಬಳಿಸಿದ್ದು ಮೂಲೆಯಲ್ಲಿ ಅಷ್ಟಾಗಿ ತಿಳಿಯುವುದಿಲ್ಲ.

ತೇವದ ಕಲೆ ಹಳದಿ ಮಿಶ್ರಿತ ಕಂದು ಬಣ್ಣದ್ದು. ಕ್ರೀಮ್ ಗೋಡೆಯಲ್ಲಿ ಅದು ಬೇಗ ಗಮನಕ್ಕೆ ಬರುವುದಿಲ್ಲ, ಬೂದಿನಲ್ಲಿ ಮೊದಲ ವಾರವೇ ಎದ್ದು ಕಾಣುತ್ತದೆ. ಇದನ್ನು ಬೂದು ಬಣ್ಣದ ದೋಷವೆಂದು ಹೇಳುವುದು ವಾಡಿಕೆ. ಸೋರಿಕೆಯ ಇತಿಹಾಸವಿರುವ ಹಳೆಯ ಸಿಡ್ಕೋ ಕಟ್ಟಡದಲ್ಲಿ ಅದನ್ನೇ ಗುಣವೆಂದೂ ತಿಳಿಯಬಹುದು. ಬೇಗ ಕಂಡರೆ ಬೇಗ ರಿಪೇರಿ.

ಹಳೆಯ ಬಣ್ಣ ಕೆರೆಯುವಾಗ ಎಚ್ಚರ

ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಇದ್ದರೆ ಹೊಸ ಬಣ್ಣಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹಳೆಯದರ ಬಗ್ಗೆ. ಮನೆಬಳಕೆಯ ಪೇಂಟ್‌ಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ಕೇಂದ್ರ ಸರ್ಕಾರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮೊದಲು ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಬಳಿದ ಎಣ್ಣೆ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಇದೆ. ಒಣ ಕಾಗದದಿಂದ ಉಜ್ಜಿದಾಗ ಏಳುವ ಧೂಳು ಉಸಿರಿನಲ್ಲಿ, ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಇಂಥ ಕಡೆ ನೀರು ಹಾಕಿ ಉಜ್ಜಲು ಹೇಳಿ, ಮಕ್ಕಳನ್ನು ಆ ದಿನಗಳಲ್ಲಿ ಬೇರೆಡೆ ಇರಿಸಿ, ಕೆಲಸ ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಪೇಂಟರ್‌ಗೂ ಮಾಸ್ಕ್ ಕೊಡಿ.

ಅಂಗಡಿಯಲ್ಲಲ್ಲ, ಮನೆಯಲ್ಲಿ ನಿರ್ಧರಿಸಿ

ಎರಡೂ ಬಣ್ಣದ ಅತಿ ಚಿಕ್ಕ ಡಬ್ಬ ತನ್ನಿ. ಎರಡಡಿ ಉದ್ದಗಲದ ಎರಡು ಪ್ಲೈವುಡ್ ತುಂಡು ಅಥವಾ ದಪ್ಪ ರಟ್ಟಿಗೆ ಬಿಳಿ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟ್ ಬಣ್ಣ ಬಳಿಯಿರಿ. ಹಳೆ ಗೋಡೆಯ ಮೇಲೇ ನೇರ ಬಳಿದರೆ ಕೆಳಗಿನ ಬಣ್ಣ ಇಣುಕಿ ದಾರಿ ತಪ್ಪಿಸುತ್ತದೆ. ಹಸಿಯಾಗಿದ್ದಾಗ ಎಮಲ್ಷನ್ ಸ್ವಲ್ಪ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಒಂದು ಅಂಶ ಗಾಢವಾಗುತ್ತದೆ. ಆದ್ದರಿಂದ ಮರುದಿನ ನೋಡಿ.

ಎರಡನ್ನೂ ಪಕ್ಕಪಕ್ಕ ಇಡಬೇಡಿ. ಪಕ್ಕದಲ್ಲಿಟ್ಟರೆ ಕ್ರೀಮ್‌ನಿಂದಾಗಿ ಬೂದು ಇನ್ನೂ ನೀಲಿಯಾಗಿ, ಬೂದಿನಿಂದಾಗಿ ಕ್ರೀಮ್ ಇನ್ನೂ ಹಳದಿಯಾಗಿ ಕಣ್ಣಿಗೆ ತೋರುತ್ತದೆ. ಒಂದು ದಿನ ಒಂದು ತುಂಡು. ಕಿಟಕಿಗೆ ಎದುರಿನ ಗೋಡೆಗೆ, ಕಿಟಕಿ ಇರುವ ಗೋಡೆಗೆ, ಒಳಗಿನ ಮೂಲೆಗೆ ಸರಿಸುತ್ತಾ ನೋಡಿ. ಬೆಳಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಆರು, ರಾತ್ರಿ ದೀಪದಲ್ಲಿ ಒಮ್ಮೆ. ತುಂಡಿನ ಕೆಳ ಅಂಚು ಟೈಲ್ಸ್‌ಗೆ ತಾಗಿರಲಿ. ಹಗಲಿನ ತೀರ್ಪು ಮನೆಯಲ್ಲಿ ಇರುವವರದ್ದು, ರಾತ್ರಿಯದ್ದು ಎಲ್ಲರದ್ದು.

ಕ್ರೀಮ್ ಗೆದ್ದರೆ ಇನ್ನೂ ಒಂದು ಮೆಟ್ಟಿಲು ತಿಳಿಯಾದದ್ದನ್ನು ಖರೀದಿಸಿ. ನಾಲ್ಕೂ ಗೋಡೆಗೆ ಒಂದೇ ಬಣ್ಣ ಬಂದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ತುಂಡಿನಲ್ಲಿ ಕಂಡದ್ದಕ್ಕಿಂತ ಗಾಢವಾಗುತ್ತದೆ. ಸೀಲಿಂಗ್‌ಗೆ ಎರಡೂ ಬೇಡ, ಬಿಳಿಯೇ ಇರಲಿ. ಒಂಬತ್ತೂವರೆ ಅಡಿ ಎತ್ತರದ ಕೋಣೆಯಲ್ಲಿ ಬೆಳಕನ್ನು ಕೆಳಕ್ಕೆ ಕಳಿಸುವ ಕೆಲಸ ಅದರದ್ದು.

ಬಾಡಿಗೆ ಮನೆಯವರ ಲೆಕ್ಕ ಇಷ್ಟೆಲ್ಲ ಉದ್ದವಿಲ್ಲ. ಇಲ್ಲಿನ ಬಾಡಿಗೆ ಕರಾರುಗಳಲ್ಲಿ ಹೆಚ್ಚಿನವು 11 ತಿಂಗಳಿನವು. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬೂದು ಬಳಿಸಿದರೆ ಬಿಡುವಾಗ ಡಿಪಾಸಿಟ್‌ನಲ್ಲಿ ಕಡಿತದ ಮಾತು ಬರಬಹುದು. ಅವರಿಗೆ ಕ್ರೀಮ್ ಮತ್ತು 4000 ಕೆಲ್ವಿನ್ ಬಲ್ಬ್ ಸಾಕು. ಬಲ್ಬನ್ನು ಮನೆ ಬಿಡುವಾಗ ಒಯ್ಯಲೂಬಹುದು.

ಎಷ್ಟು ಬಣ್ಣ ಬೇಕು?

10 ಅಡಿ ಅಗಲ, 12 ಅಡಿ ಉದ್ದ, 9.5 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 418 ಚದರ ಅಡಿ. ಒಂದು ಬಾಗಿಲು, ಒಂದು ಕಿಟಕಿಗೆ ಸುಮಾರು 40 ಕಳೆದರೆ 378. ಡಬ್ಬದ ಮೇಲೆ ಎರಡು ಕೋಟ್‌ಗೆ ಲೀಟರಿಗೆ 60 ಚದರ ಅಡಿ ಎಂದು ಬರೆದಿದ್ದರೆ ಆರೂಕಾಲು ಲೀಟರಿಗಿಂತ ತುಸು ಹೆಚ್ಚು ಬೇಕು. ಪೇಂಟರ್ 10 ಲೀಟರ್ ಎಂದರೆ ಈ ಲೆಕ್ಕವನ್ನು ಮುಂದಿಡಿ. ಫ್ಲ್ಯಾಟಿನ ಕಾರ್ಪೆಟ್ ಏರಿಯಾ ಮೇಲೆ ದರ ಹೇಳುತ್ತಿದ್ದಾರೋ, ಗೋಡೆಯ ಅಳತೆಯ ಮೇಲೋ ಎಂಬುದನ್ನೂ ಮೊದಲೇ ಕೇಳಿ ಬರೆಸಿಕೊಳ್ಳಿ.

ಎಲ್ಲ ಡಬ್ಬಗಳನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಯಂತ್ರದಿಂದ ಬೆರೆಸಿ ತನ್ನಿ. ದೊಡ್ಡ ಬಕೆಟ್‌ನಲ್ಲಿ ಒಟ್ಟಿಗೆ ಕಲಸಿ ಬಳಿದರೆ ಡಬ್ಬದಿಂದ ಡಬ್ಬಕ್ಕೆ ಇರುವ ಸಣ್ಣ ವ್ಯತ್ಯಾಸ ಅಳಿಸಿಹೋಗುತ್ತದೆ. ಬಿಳಿ ಬಣ್ಣಕ್ಕೆ ಸ್ಟೈನರ್ ಟ್ಯೂಬ್ ಹಿಂಡಿ ಕೈಯಲ್ಲೇ ಬೂದು ಮಾಡಿಕೊಡುತ್ತೇನೆ, ಹಣ ಉಳಿಯುತ್ತದೆ ಎಂದು ಪೇಂಟರ್ ಹೇಳಿದರೆ ಒಪ್ಪಬೇಡಿ. ಆ ಬಣ್ಣ ಅವರಿಗೂ ಇನ್ನೊಮ್ಮೆ ಬರುವುದಿಲ್ಲ. ಡಬ್ಬದ ಮುಚ್ಚಳದ ಮೇಲಿನ ಸ್ಟಿಕ್ಕರ್‌ನಲ್ಲಿ ಶೇಡ್ ಕೋಡ್, ಬೇಸ್, ತಾರೀಖು ಇರುತ್ತದೆ. ಅದರ ಫೋಟೋ ತೆಗೆದಿಡಿ, ಕಪಾಟಿನ ಬಾಗಿಲ ಒಳಬದಿಯಲ್ಲಿ ಪೆನ್ನಿನಿಂದಲೂ ಬರೆದಿಡಿ. ಎರಡು ವರ್ಷದ ನಂತರ ಎಸಿ ಕೂರಿಸುವವರು ಗೋಡೆಗೆ ತೂತು ಕೊರೆದು ಹೋದಾಗ ಅರ್ಧ ಲೀಟರ್‌ಗಾಗಿ ಅಂಗಡಿಯವರು ಮೊದಲು ಕೇಳುವುದು ಅದೇ ಕೋಡ್.